ಹೊಸ ಟ್ರೇಲರೋ, ಹಳೆಯದೋ?

ಅರ್ಥಶಾಸ್ತ್ರದ ತಾಸಿನಲ್ಲಿ ನಾವು ‘ಸವಕಳಿ’ ಎಂಬ ಶಬ್ದವನ್ನು ಕಲಿತು, ಪರೀಕ್ಷೆಯಲ್ಲಿ ಬರೆದು, ಮರೆತುಬಿಟ್ಟಿದ್ದೇವೆ. ಆ ಶಬ್ದವು ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತದ್ದು ದೀಪಾವಳಿಯ ಮುಂದೆ, ತಂದೆಯವರು ಟ್ರ್ಯಾಕ್ಟರಿಗೆ ಒಂದು ಸಣ್ಣ ಟ್ರೇಲರು ಕೊಳ್ಳಬೇಕೆಂದು ಹೊರಟಾಗ. ಇದೂ ಒಂದು ವಿಷಯವೇ ಎಂದು ಮಿತ್ರರು ನಗಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಇಲ್ಲಿಗೆ ಬರುವ ನಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿ ಇದೇ ಮಾತು ನಡೆದಿದ್ದೀತು.

ಟ್ರೇಲರೆಂದರೆ ನಮಗೆ ಬರೀ ಗೊಬ್ಬರ, ತೊಗರಿ, ಕಬ್ಬು ಹೇರುವ ಡಬ್ಬಿಯಲ್ಲ. ವರ್ಷಕ್ಕೊಮ್ಮೆ ಅದು ಮನೆಯೂ ಆಗುತ್ತದೆ. ಹಿಂದೆ ಕೊಲ್ಲಾರಿ ಬಂಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಉಳವಿಗೋ ಹೊರಡುತ್ತಿದ್ದ ಮಂದಿ ಈಗ ಟ್ರೇಲರಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಒಳಗೆ ಜಮಖಾನೆ ಹಾಸಿ ಹೊರಡುತ್ತಾರೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ನೀರಿನ ಕೊಡ, ಒಲೆಯ ಕಟ್ಟಿಗೆ ಎಲ್ಲವೂ ಅದರಲ್ಲಿಯೇ. ರಾತ್ರಿ ಹೆಂಗಸರು ಮಕ್ಕಳು ಮೇಲೆ ಮಲಗಿದರೆ ಗಂಡಸರು ಅದರ ಅಡಿಯಲ್ಲಿ ಮಲಗುತ್ತಾರೆ. ಅಮೆರಿಕೆಯ ಜನ ಕಾರಿನ ಹಿಂದೆ ಮಂಚ, ಒಲೆ ಉಳ್ಳ ಪುಟ್ಟ ಮನೆಯನ್ನೇ ಕಟ್ಟಿಕೊಂಡು ತಿರುಗುತ್ತಾರೆ. ಅವರದು ವಿಹಾರ, ನಮ್ಮದು ಹರಕೆ. ಆದರೆ ಹೊಸದೋ ಹಳೆಯದೋ ಎಂಬ ಚಿಂತೆ ಅವರಿಗೂ ತಪ್ಪಿಲ್ಲ.

ಎರಡು ಗಾಲಿಯ ಹೊಸ ಟ್ರೇಲರಿಗೆ ನಮಗೆ ಹೇಳಿದ ಬೆಲೆ ೧,೮೦,೦೦೦ ರೂಪಾಯಿ. ಕೈಯಲ್ಲಿದ್ದದ್ದು ತೊಗರಿ ಮಾರಿದ ೯೫,೦೦೦. ಉಳಿದದ್ದು ಸಾಲವಾಗಬೇಕು. ಅದೇ ಹೊತ್ತಿಗೆ ತಂಗಿಯು ನರ್ಸಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಎರಡೂ ಸಾಲ ಒಮ್ಮೆಲೇ ಆಗುವಂತಿರಲಿಲ್ಲ. ಹಳೆಯದನ್ನು ನೋಡೋಣವೆಂದು ನಾನೆಂದೆ.

“ಹಳೇದು ತಂದು ಪೂಜಿ ಮಾಡಿದ್ರ ಮಂದಿ ಏನಂದಾರೋ ತಮ್ಮಾ? ಮತ್ತ ಚಲೋ ಇದ್ರ ಅವರ್ಯಾಕ ಮಾರತಾರ?” ಎಂದರು ತಂದೆಯವರು.

ಮೊದಲನೆಯದಕ್ಕೆ ಉತ್ತರ ಬೇಡ. ಎರಡನೆಯದು ನಿಜವಾದ ಪ್ರಶ್ನೆ. ಸಾಲ ತೀರಿಸಲು ಮಾರುವವರುಂಟು, ದೊಡ್ಡದು ಕೊಳ್ಳಲು ಮಾರುವವರುಂಟು, ಅಚ್ಚು ಬಾಗಿದೆಯೆಂದು ಮಾರುವವರೂ ಉಂಟು. ಈ ಮೂರನೆಯವರನ್ನು ಗುರುತಿಸುವದೇ ವಿದ್ಯೆ. ಆ ವಿದ್ಯೆಯನ್ನು ನನಗೆ ಕಲಿಸಿದವರು ಪ್ರಾಧ್ಯಾಪಕರಲ್ಲ, ನಮ್ಮೂರ ವೆಲ್ಡಿಂಗ್ ಅಂಗಡಿಯ ಕಾಕಾ. ಹೊಸ ಬಣ್ಣ ಬಳಿದದ್ದನ್ನು ಮೊದಲು ಸಂಶಯದಿಂದ ನೋಡಬೇಕು. ರಸಗೊಬ್ಬರವೂ ಕಬ್ಬಿನ ಹಾಲೂ ತಳದ ಪತ್ರವನ್ನು ತಿನ್ನುತ್ತವೆ. ಅಡಿಯಲ್ಲಿ ಹೊಕ್ಕು ಸುತ್ತಿಗೆಯಿಂದ ಬಡಿದರೆ ಸಪ್ಪಳವೇ ಹೇಳುತ್ತದೆ. ಟಾಯರು ಒಂದೇ ಮಗ್ಗುಲಿಗೆ ಸವೆದಿದ್ದರೆ ಅಚ್ಚಿನ ಮೇಲೆ ಗುಮಾನಿ. ಜಾಕು ಹಚ್ಚಿ ಗಾಲಿಯನ್ನು ಅಲ್ಲಾಡಿಸಿದರೆ ಬೇರಿಂಗಿನ ಹಣೆಬರಹ ತಿಳಿಯುತ್ತದೆ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂತಿಯ ಹತ್ತಿರ ಮೇಲಿಂದ ಮೇಲೆ ವೆಲ್ಡಿಂಗ್ ಆಗಿದ್ದರೆ ಬೆಲೆ ಕೇಳದೆ ಎದ್ದು ಬರಬೇಕು.

ಕಾಗದಪತ್ರದ ಮಾತು ಬೇರೆ. ೧೯೮೮ರ ಮೋಟಾರು ವಾಹನ ಕಾಯದೆಯ ಪ್ರಕಾರ ಟ್ರೇಲರಿಗೂ ಸ್ವಂತ ನೋಂದಣಿ ಬೇಕು. ಕೊಂಡವನು ೩೦ ದಿನಗಳೊಳಗೆ ತನ್ನ ಹೆಸರಿಗೆ ವರ್ಗ ಮಾಡಿಸಲು ಅರ್ಜಿ ಕೊಡಬೇಕು. ಸೊಲ್ಲಾಪುರದ ಕಡೆಯಿಂದ ತಂದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಗಡಿಯಾಚೆಯ ಒಂದು ಟ್ರೇಲರು ೫೫,೦೦೦ಕ್ಕೇ ಸಿಗುವದಿತ್ತು, ಕಾಗದ ಮಾತ್ರ “ಆಮ್ಯಾಲೆ ಕೊಡತೀವಿ” ಎಂದರು. ಬಿಟ್ಟು ಬಂದೆವು. ಕೊನೆಗೆ ೭೮,೦೦೦ಕ್ಕೆ ಒಂದನ್ನು ತಂದು, ಬೇರಿಂಗು, ತಳದ ಒಂದು ಪತ್ರ ಹಾಕಿಸಲು ೧೪,೦೦೦ ಖರ್ಚು ಮಾಡಿದೆವು.

ದಿನಾಲು ಕಾರಖಾನೆಗೆ ಕಬ್ಬು ಹೊಡೆಯುವವನು ಹೊಸದನ್ನೇ ಕೊಳ್ಳಲಿ. ಹಂಗಾಮಿನ ನಡುವೆ ಅಚ್ಚು ಮುರಿದರೆ ಅವನ ಬಾಡಿಗೆಯೇ ಮುರಿಯಿತು. ನಮ್ಮಂತೆ ವರ್ಷಕ್ಕೆ ನಲವತ್ತೈವತ್ತು ದಿನ ಮಾತ್ರ ಹೂಡುವವರಿಗೆ ಹೊಸ ಟ್ರೇಲರೆಂದರೆ ಬೇವಿನ ಗಿಡದ ನೆರಳಿಗೆ ನಿಂತು ಬಡ್ಡಿ ತಿನ್ನುವ ಎತ್ತು.

ಒಂದು ಮಾತನ್ನು ಮಾತ್ರ ಹೊಸದಕ್ಕೂ ಹಳೆಯದಕ್ಕೂ ಕೂಡಿಯೇ ಹೇಳಬೇಕು. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂಡ್ರಿಸಿ ಒಯ್ಯಲು ಕಾಯದೆಯ ಒಪ್ಪಿಗೆಯಿಲ್ಲ. ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ನಮ್ಮ ಕಡೆಯ ಬಹಳಷ್ಟು ಟ್ರೇಲರುಗಳಿಗೆ ಸ್ವಂತ ಬ್ರೇಕಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವು ಟ್ರ್ಯಾಕ್ಟರನ್ನೇ ನೂಕುತ್ತದೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೀಟಿಲ್ಲ. ಜನ ಬಸ್ಸಿಗೆ ಹೋಗಲಿ, ಒಲೆ ಕಟ್ಟಿಗೆ ಟ್ರೇಲರಿಗೆ ಹೋಗಲಿ ಎಂಬುದು ನನ್ನ ವಾದ. ಹಾಗಾದರೆ ಹಳೆಯದರ ಭಯವೂ ಅರ್ಧ ಕಡಿಮೆಯಾದೀತು.

ಭಾರತ ಹುಣ್ಣಿಮೆಗೆ ಹಾಗೆಯೇ ಹೋದೆವು. ಟ್ರ್ಯಾಕ್ಟರಿನ ಮೇಲೆ ಕಾಕಾ ಒಬ್ಬರೇ. ಉಳಿದವರೆಲ್ಲ ಬಸ್ಸು ಬದಲಿಸುತ್ತ ಗುಡ್ಡ ಮುಟ್ಟಿದೆವು. ತಂಗಿಯ ಕಾಲೇಜಿನ ಫೀಯೂ ತುಂಬಿತ್ತು. ಆಯಿ ಮಾತ್ರ ಇಳಿದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು: “ಟೇಲರನ್ಯಾಗ ದಾರಿ ತುಂಬ ಎಲ್ಲಮ್ಮನ ಪದಾ ಹಾಡ್ಕೋತ ಬರತಿದ್ವಿ. ನಿನ್ನ ಬಸ್ಸಿನ್ಯಾಗ ಬಾಯಿ ಮುಚ್ಚಿ ಕುಂತು ಬಂದೆ ನೋಡು.”

ಅದಕ್ಕೆ ನಾನೇನೂ ಹೇಳಲಿಲ್ಲ. ಆ ರಾತ್ರಿ ನಿಂತ ಟ್ರೇಲರಿನಲ್ಲಿ ಕುಳಿತು ಅವಳು ಬೆಳ್ಳಿ ಮೂಡುವವರೆಗೆ ಹಾಡಿದಳು.