ಕಾಲಿಗೆ ಬೀಳುವವರೂ ನಾವೇ, ಕೈ ಎತ್ತುವವರೂ ನಾವೇ

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ ಬಂದವರನ್ನು ಕೇಳಿ ನೋಡಿ. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುವ ಜೋಗಪ್ಪಗಳ ಕೈಯಿಂದ ಹಣೆಗೆ ಭಂಡಾರ ಹಚ್ಚಿಸಿಕೊಳ್ಳದೆ ಬಂದವರು ಕಡಿಮೆ. ಅವರು ಸೀರೆ ಉಟ್ಟಿರುತ್ತಾರೆ, ಬಳೆ ತೊಟ್ಟಿರುತ್ತಾರೆ; ಯಾರ ತಕರಾರೂ ಇಲ್ಲ. ಅದೇ ಜನ ಊರಿಗೆ ಮರಳಿದ ಮೇಲೆ, ಮನೆಯ ಹುಡುಗ ಟವೆಲನ್ನು ಲಂಗದಂತೆ ಸುತ್ತಿಕೊಂಡರೆ ಬಾರುಕೋಲು ಹುಡುಕುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮೆಲ್ಲರ ನಡವಳಿಕೆ ಇದೇ.

ಜೋಗತಿಯರನ್ನು ನಾವು ತಾಯಿ ಅಂತೇವೆ, ನಮ್ಮದು ಉದಾರ ಸೀಮೆ ಎಂದು ಭಾಷಣ ಮಾಡುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ದೇವಿಯ ಹೆಸರಿನಲ್ಲಿ ಸಮಾಜ ಈ ಮಕ್ಕಳಿಗೆ ತೆರೆದಿಟ್ಟದ್ದು ಮನೆಯಿಂದ ಹೊರಹೋಗುವ ಬಾಗಿಲನ್ನು.

ಮಂಜಮ್ಮ ಜೋಗತಿಯವರ ಬದುಕನ್ನೇ ನೋಡಿ. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿರುವ ಈ ಕಲಾವಿದೆ ಹುಟ್ಟಿದ್ದು ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ, ಮಂಜುನಾಥನಾಗಿ. ಹುಡುಗಿಯರ ಜೊತೆ ಬೆರೆಯುತ್ತಿದ್ದ ಹುಡುಗನನ್ನು ಮನೆಯಲ್ಲಿ ಕಂಬಕ್ಕೆ ಕಟ್ಟಿ ಹೊಡೆದರು. ಹೊಡೆತಕ್ಕೆ ಬದಲಾಗದಿದ್ದಾಗ ಹುಲಿಗಿಗೆ ಕರೆದೊಯ್ದು, ಉಡಿದಾರ ಹರಿದು, ಬಳೆ ತೊಡಿಸಿ, ಮುತ್ತು ಕಟ್ಟಿಸಿದರು. ಮಗನನ್ನು ಕಳೆದುಕೊಂಡೆನೆಂದು ತಾಯಿ ಅತ್ತರು. ಆಮೇಲಿನದು ಭಿಕ್ಷೆ, ಅತ್ಯಾಚಾರ, ವಿಷ ಕುಡಿದೂ ಬದುಕುಳಿದ ಕತೆ. ಕೈಹಿಡಿದದ್ದು ಕಾಳವ್ವ ಜೋಗತಿಯ ಮೇಳ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ, ಸೆರಗಿನಿಂದ ರಾಷ್ಟ್ರಪತಿ ಕೋವಿಂದರ ದೃಷ್ಟಿ ತೆಗೆದದ್ದನ್ನು ಕಂಡು ದೇಶ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಆದರೆ ಆ ಚಪ್ಪಾಳೆಯಲ್ಲಿ ಕಂಬಕ್ಕೆ ಕಟ್ಟಿದ ಹಗ್ಗದ ನೆನಪು ಎಷ್ಟು ಜನಕ್ಕಿತ್ತು? ಎಲ್ಲ ಹುಡುಗರಿಗೂ ಕಾಳವ್ವ ಸಿಗುವುದಿಲ್ಲ.

ಗಂಡು ಹೀಗಿರಬೇಕು, ಹೆಣ್ಣು ಹಾಗಿರಬೇಕು ಎಂಬ ನಿಯಮವಾದರೂ ಎಷ್ಟು ಗಟ್ಟಿ? ನಮ್ಮ ಅಜ್ಜಂದಿರ ಕಿವಿಯಲ್ಲಿ ಮುರುವು ಇತ್ತು. ಮೊಮ್ಮಗ ಒಂದು ಓಲೆ ಹಾಕಿಕೊಂಡರೆ ಹೆಣ್ಣಿಗ. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಡುತ್ತಾಳೆ, ತಲೆಗೆ ಟವೆಲು ಸುತ್ತುತ್ತಾಳೆ. ಕೂಲಿಯ ಹೊತ್ತಿನಲ್ಲಿ ಅದು ಯಾರ ಕಣ್ಣಿಗೂ ಬೀಳದು. ಅವಳ ಮಗಳು ಕಾಲೇಜಿಗೆ ಅಂಗಿ ತೊಟ್ಟು, ಕೂದಲು ಕತ್ತರಿಸಿಕೊಂಡು ಹೋದಳೋ, ಗಂಡುಬೀರಿ! ಬಯಲಾಟದಲ್ಲಿ ಗಂಡಸು ದ್ರೌಪದಿಯಾದರೆ ಊರ ಗೌಡ ಆಯೇರಿ ಮಾಡುತ್ತಾನೆ. 1958ರಲ್ಲಿ ಆರ್. ನಾಗರತ್ನಮ್ಮ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರೇ ಗಂಡು ಪಾತ್ರಗಳನ್ನೂ ಆಡಿದಾಗ ನಾಡು ಮೆಚ್ಚಿತು. ದೇವರಿಗೆ, ಆಟಕ್ಕೆ, ಕೂಲಿಗೆ ಸಡಿಲವಾಗುವ ನಿಯಮ ಮನೆಯ ಮಗುವಿನ ಮುಂದೆ ಮಾತ್ರ ಕಬ್ಬಿಣವಾಗುತ್ತದೆ.

ನಮ್ಮ ಮುಸ್ಲಿಮರ ಗಲ್ಲಿಗಳಲ್ಲಿ ಹುಲಿಗಿಯ ಬಾಗಿಲೂ ಇಲ್ಲ. ಹುಡುಗನ ನಡಿಗೆ ಬಳುಕಿದರೆ ಮೊದಲು ತಾಯತ, ಆಮೇಲೆ ನಿಕಾಹ್. ಗಂಡಸ್ತನ ಬರಲೆಂದು ಮಾಡುವ ಆ ಮದುವೆಯಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣುಮಗಳು ಬದುಕು ಕಳೆದುಕೊಳ್ಳುತ್ತಾಳೆ. ಅವಳ ಬಗ್ಗೆ ಯಾವ ಜಮಾಅತ್ತೂ ಮಾತಾಡಿದ್ದನ್ನು ನಾವು ಕೇಳಿಲ್ಲ. ಕೇಳಿದರೆ ಹದೀಸ್ ಹೇಳುತ್ತಾರೆ: ಹೆಣ್ಣನ್ನು ಅನುಕರಿಸುವ ಗಂಡಿಗೆ ಶಾಪವಿದೆ ಎಂದು. ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ವ್ಯಾಖ್ಯಾನ ಬರೆದ ಹಿರಿಯರೂ ಇದ್ದಾರೆ. 13ನೆಯ ಶತಮಾನದ ಇಮಾಮ್ ನವವಿ, ಬೇಕೆಂದೇ ಸೋಗು ಹಾಕುವವನನ್ನೂ ಹುಟ್ಟಿನಿಂದಲೇ ಹಾಗಿರುವವನನ್ನೂ ಬೇರೆಬೇರೆಯಾಗಿ ನೋಡಿದರು. ಎರಡನೆಯವನ ಮೇಲೆ ಯಾವ ದೋಷವೂ ಇಲ್ಲವೆಂದರು. ಏಳು ನೂರು ವರ್ಷಕ್ಕೂ ಹಿಂದಿನ ಆಲಿಮರಿಗೆ ತಿಳಿದ ಈ ವ್ಯತ್ಯಾಸ ಇಂದಿನ ಮೊಹಲ್ಲಾದ ಹಿರಿಯರಿಗೆ ಯಾಕೆ ತಿಳಿಯದು?

ಕಾನೂನೂ ನಿಧಾನ. 1982ರ ದೇವದಾಸಿ ನಿಷೇಧ ಕಾಯ್ದೆ ಹೆಣ್ಣನ್ನು ಅರ್ಪಿಸುವುದು ಅಪರಾಧವೆಂದಿತು. ಮುತ್ತು ಕಟ್ಟಿಸಿಕೊಂಡ ಹುಡುಗನ ಬಗ್ಗೆ ಸುಮ್ಮನಿತ್ತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ತಂದಿತು. ಸಂತೋಷ. ಆದರೆ ಚಕ್ಕ, ಒಂಬತ್ತು ಎಂಬ ಕೂಗು ತಾಳಲಾರದೆ ಎಂಟನೆಯ ತರಗತಿಯಲ್ಲೇ ಶಾಲೆ ಬಿಟ್ಟವರು ಯಾವ ಅರ್ಜಿ ತುಂಬಬೇಕು? ಆ ಕೂಗು ಹುಡುಗರದಷ್ಟೇ ಅಲ್ಲ, ಮೇಷ್ಟರೂ ನಗುತ್ತಾರೆ.

ಶಾಲಾಭಿವೃದ್ಧಿ ಸಮಿತಿಗಳು ಮುಂದಿನ ಸಭೆಯಲ್ಲಿ ಕಾಂಪೌಂಡು, ಬಿಸಿಯೂಟದ ಜೊತೆ ಈ ನಗುವಿನ ವಿಷಯವನ್ನೂ ಎತ್ತಿಕೊಳ್ಳಲಿ. ನಮ್ಮ ಮಸೀದಿಗಳ ಮುತವಲ್ಲಿಗಳು ನವವಿಯವರ ಆ ಪುಟವನ್ನು ಒಂದು ಜುಮ್ಮಾದ ದಿನ ಕನ್ನಡದಲ್ಲೋ ದಖನಿಯಲ್ಲೋ ಓದಿಸಲಿ, ಮದುವೆಯ ಮಾತುಕತೆ ನಡೆದಿರುವ ಮನೆಗಳವರೂ ಕೇಳುವಂತೆ.