ಪೂಜೆ ಹೊಸ ಕಿರ್ದಿಗೆ, ಗುಜರಿ ಹಳೆಯದಕ್ಕೆ

ದೀಪಾವಳಿಯ ಅಂಗಡಿ ಪೂಜೆಯ ಸಂಜೆ ನಮ್ಮ ಕರಾವಳಿಯ ವ್ಯಾಪಾರಸ್ಥರು ಹೊಸ ಕಿರ್ದಿ ಪುಸ್ತಕದ ಮೊದಲ ಪುಟದಲ್ಲಿ ಕುಂಕುಮದಿಂದ ಶ್ರೀಕಾರ ಬರೆದು, ಹೂವಿಟ್ಟು, ಆರತಿ ಬೆಳಗಿ, ಬಂದವರಿಗೆಲ್ಲ ಅವಲಕ್ಕಿ ಕೊಡುತ್ತಾರೆ. ಲೆಕ್ಕದ ಪುಸ್ತಕವನ್ನು ಲಕ್ಷ್ಮಿಯೆಂದು ಭಾವಿಸಿ ಕೈಮುಗಿಯುವ ಸಂಪ್ರದಾಯ ಸಣ್ಣದಲ್ಲ. ಆದರೆ ಅದೇ ಪುಸ್ತಕ ತುಂಬಿ, ಹಳತಾಗಿ, ಅಟ್ಟದ ಮೇಲೆ ಹತ್ತಿಪ್ಪತ್ತು ವರ್ಷ ಧೂಳು ತಿಂದ ಬಳಿಕ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಈ ಎರಡು ಕೆಲಸಗಳನ್ನೂ ಒಂದೇ ಕೈ ಮಾಡುತ್ತದೆ, ಯಾವ ಅಳುಕೂ ಇಲ್ಲದೆ. ಇದನ್ನು ಖಂಡಿಸಿ ಬರೆಯುವ ಮೊದಲು ನನ್ನ ಪಾಲಿನ ತಪ್ಪನ್ನು ಹೇಳಿಬಿಡುವುದು ನ್ಯಾಯ.

1994ರ ಬೇಸಗೆ ರಜೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ತನ್ನ ಮನೆತನದ ಹೆಂಚಿನ ಕಾರ್ಖಾನೆಯನ್ನು ಮುಚ್ಚುವ ಸಿದ್ಧತೆಯಲ್ಲಿದ್ದ. ಕಚೇರಿಯ ಕೋಣೆಗೆ ನನ್ನನ್ನು ಕರೆದೊಯ್ದ. ಎರಡು ಮರದ ಕಪಾಟುಗಳ ತುಂಬ ಹಾಜರಿ ಪುಸ್ತಕಗಳು, ಬಟವಾಡೆ ಪುಸ್ತಕಗಳು, ಆವೆಮಣ್ಣು ತಂದ ದೋಣಿಗಳ ಲೆಕ್ಕ, ಹೆಂಚು ಹೇರಿಕೊಂಡು ಹೋದ ಮಂಜಿಗಳ ಲೆಕ್ಕ. ಕೆಂಪು ಬಟ್ಟೆಯ ರಟ್ಟು, ಒಳಗೆ ಕನ್ನಡದಲ್ಲಿ ಬರೆದ ಸ್ಫುಟವಾದ ಅಕ್ಷರ. ‘ಇದನ್ನೆಲ್ಲ ಎಂತ ಮಾಡುವುದು ಮಾಸ್ಟ್ರೇ? ನಾಳೆ ಗುಜರಿಯವ ಬರುತ್ತಾನೆ’ ಎಂದು ಕೇಳಿದ. ಇಪ್ಪತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಹೇಳಿದ ನಾನು ಒಂದು ಪುಸ್ತಕವನ್ನು ತೆರೆದು ಎರಡು ಪುಟ ತಿರುವಿ ಮುಚ್ಚಿಟ್ಟೆ. ಕಾರ್ಖಾನೆಯ ಹೆಸರೂ ಇಸವಿಯೂ ಒತ್ತಿದ್ದ ಒಂದು ಹಳೆಯ ಹೆಂಚನ್ನು ಶಾಲೆಯ ಕಪಾಟಿನಲ್ಲಿ ಇಡಲೆಂದು ಕೇಳಿ ಪಡೆದು ಮನೆಗೆ ಬಂದೆ.

ಕೆಲವು ವರ್ಷಗಳ ನಂತರ, ಆಗ ಸಂಶೋಧನೆ ಮಾಡುತ್ತಿದ್ದ ಇನ್ನೊಬ್ಬ ಶಿಷ್ಯೆ ನನ್ನನ್ನು ಹುಡುಕಿಕೊಂಡು ಬಂದಳು. ಆಕೆಯ ಅಜ್ಜಿ ಅದೇ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತವರು. ಅಜ್ಜಿಗೆ ದಿನದ ಕೂಲಿ ಎಷ್ಟಿತ್ತು, ಅದೇ ದಿನ ಗಂಡಾಳಿಗೆ ಎಷ್ಟು ಕೊಟ್ಟರು, ಮಳೆಗಾಲದಲ್ಲಿ ಕೆಲಸ ನಿಂತಾಗ ಮುಂಗಡ ಕೊಡುತ್ತಿದ್ದರೋ ಇಲ್ಲವೋ ಎಂಬುದಷ್ಟೇ ಆಕೆಯ ಪ್ರಶ್ನೆ. ಮೂರಕ್ಕೂ ಉತ್ತರ ಆ ಕಪಾಟಿನಲ್ಲಿತ್ತು. ನಾನು ಆಕೆಗೆ ಹೆಂಚನ್ನು ತೋರಿಸಿದೆ. ಆಕೆ ಅದನ್ನು ತಿರುಗಿಸಿ ನೋಡಿ, ‘ಚಂದ ಉಂಟು ಮಾಸ್ಟ್ರೇ’ ಎಂದು ಹಿಂದಿರುಗಿಸಿದಳು.

ಇನ್ನೊಂದು ವಿಪರ್ಯಾಸವನ್ನು ನೋಡಿ. ಮಂಗಳೂರಿನ ಹೆಂಚಿನ ಉದ್ಯಮಕ್ಕೆ ನಾಂದಿ ಹಾಡಿದ್ದು ಬಾಸೆಲ್ ಮಿಶನ್. 1865ರಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ಇಲ್ಲಿ ಮೊದಲ ಕಾರ್ಖಾನೆಯನ್ನು ಆರಂಭಿಸಿದರು. ಆ ಮಿಶನಿನ ವರದಿಗಳು, ಪತ್ರಗಳು, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಇಂದಿಗೂ ಭದ್ರವಾಗಿವೆ. ಸಾವಿರಾರು ಚಿತ್ರಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ನೆಲದ ಮಣ್ಣು ಹೆಂಚಾದ ಕಥೆಯನ್ನು ಬರೆಯಬೇಕಾದವರು ಆಲ್ಪ್ಸ್ ಪರ್ವತದ ಆಚೆಗೆ ಹೋಗಬೇಕು! ಇದಕ್ಕೆ ಬಿಳಿಯರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವರು ದೂರದ ಒಡೆಯರಿಗೆ ವರ್ಷವರ್ಷವೂ ವರದಿ ಒಪ್ಪಿಸಬೇಕಿತ್ತು, ಆದ್ದರಿಂದ ಬರೆದರು. ಒಡೆಯರು ಅದನ್ನು ಕಾಪಿಟ್ಟರು. ಅವರ ಹಿಂದೆಯೇ ಕಾರ್ಖಾನೆ ಕಟ್ಟಿದ ನಮ್ಮವರಿಗೆ ಯಾರಿಗೂ ವರದಿ ಒಪ್ಪಿಸಬೇಕಾಗಿರಲಿಲ್ಲ. ಅವರ ಕಾಗದಗಳಿಗೆ ಇದ್ದ ಆಶ್ರಯವೆಂದರೆ ಧಣಿಯ ಮನೆಯ ಅಟ್ಟ ಮಾತ್ರ. ಅಟ್ಟ ಖಾಲಿಯಾದ ದಿನ ಉಳಿಯುವ ಚರಿತ್ರೆ ಮಿಶನರಿ ಕಂಡ ಚರಿತ್ರೆಯೊಂದೇ.

‘ಕಾನೂನು ಎಂಟೇ ವರ್ಷ ಇಡಲು ಹೇಳಿದೆಯಲ್ಲ’ ಎನ್ನುವವರು ನನ್ನ ಶಿಷ್ಯರಲ್ಲೇ ಅನೇಕರಿದ್ದೀರಿ. ಲೆಕ್ಕಪರಿಶೋಧಕರ ಬಾಯಲ್ಲಿ ಇದೊಂದು ಮಂತ್ರವಾಗಿದೆ. 2013ರ ಕಂಪನಿ ಕಾಯ್ದೆಯ 128ನೆಯ ಕಲಮು ಲೆಕ್ಕಪುಸ್ತಕಗಳನ್ನು ಕನಿಷ್ಠ ಎಂಟು ಆರ್ಥಿಕ ವರ್ಷ ಇಡತಕ್ಕದ್ದು ಎನ್ನುತ್ತದೆ, ನಿಜ. ಬ್ಯಾಂಕುಗಳಿಗೂ 1985ರ ನಿಯಮಗಳಂತೆ ಕೆಲವಕ್ಕೆ ಐದು ವರ್ಷ, ಕೆಲವಕ್ಕೆ ಎಂಟು ವರ್ಷ. ಆದರೆ ‘ಕನಿಷ್ಠ’ ಎಂಬ ಪದದ ಅರ್ಥವನ್ನು ನಾನು ನಿಮಗೆ ಏಳನೆಯ ತರಗತಿಯಲ್ಲೇ ಕಲಿಸಿದ್ದೆ. ಅದು ತೆರಿಗೆ ಮತ್ತು ತಕರಾರುಗಳಿಗಾಗಿ ಇಟ್ಟ ಅವಧಿ. ಎಂಟು ವರ್ಷ ತುಂಬಿದೊಡನೆ ಸುಡಬೇಕೆಂದು ಯಾವ ಕಲಮೂ ಹೇಳಿಲ್ಲ. ಆಡಳಿತ ಮಂಡಳಿಯ ಸಭೆಗಳ ನಡವಳಿ ಪುಸ್ತಕವನ್ನಂತೂ ಶಾಶ್ವತವಾಗಿ ಇಡಬೇಕು. ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ನಿಗಮಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಅನ್ವಯಿಸುತ್ತದೆ: ದಾಖಲೆಗಳಿಗೊಬ್ಬ ಅಧಿಕಾರಿಯನ್ನು ನೇಮಿಸಬೇಕು, ವಿಧಿಸಿದ ಕ್ರಮ ಬಿಟ್ಟು ನಾಶಪಡಿಸಕೂಡದು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕನ್ನು ಸೇರಿತು. 2020ರ ಏಪ್ರಿಲ್ ಒಂದರಂದು ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಮೂರೇ ವರ್ಷಗಳಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಅಳಿಯಿತು. ಹೆಸರು ಹೋಯಿತೆಂದು ಪತ್ರಿಕೆಗಳಲ್ಲಿ ಸಾಕಷ್ಟು ಕಣ್ಣೀರು ಹರಿಯಿತು. ಕಾಗದಪತ್ರಗಳ ಗತಿಯೇನೆಂದು ಕೇಳಿದವರು ವಿರಳ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯನ್ನು ನೆನೆಯಿರಿ. ಏಜೆಂಟನು ದಿನಾಲೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಳ್ಳುತ್ತಿದ್ದ. ಬೇರೆಲ್ಲೂ ದಾಖಲಾಗದ ಬಡವರ ಉಳಿತಾಯ, ದಿನವೊಂದಕ್ಕೆ ಒಂದು ಸಾಲಿನಂತೆ, ಆ ಪುಸ್ತಕಗಳಲ್ಲಿ ದಾಖಲಾಯಿತು. ಯಾವ ವಾರ ಎರಡಾಣೆ ಬರಲಿಲ್ಲವೋ ಆ ವಾರ ಆ ಮನೆಯಲ್ಲಿ ಏನೋ ನಡೆದಿದೆ. ಜ್ವರವೋ, ಬರಗಾಲವೋ, ಯುದ್ಧವೋ. ಇಂಥ ಚರಿತ್ರೆಯನ್ನು ಯಾವ ಅರಮನೆಯ ದಫ್ತರ ಕೊಡಬಲ್ಲದು? ಲೀನಗೊಳಿಸಿಕೊಂಡ ಬ್ಯಾಂಕುಗಳು ಹಳೆಯ ಬ್ಯಾಂಕುಗಳ ಯಾವ ದಾಖಲೆ ಎಲ್ಲಿದೆ ಎಂಬ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಬೇಕು. ಇದು ನಮ್ಮ ಹಕ್ಕಿನ ಬೇಡಿಕೆ.

ಖಾಸಗಿ ಉದ್ಯಮಿಗಳ ಆಕ್ಷೇಪ ಬೇರೆ. ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎನ್ನುತ್ತಾರೆ. 1931ರಲ್ಲಿ ಗೋಡಂಬಿಯನ್ನು ಯಾವ ದರಕ್ಕೆ ಕೊಂಡರು ಎಂಬುದರಲ್ಲಿ ಇಂದು ಯಾವ ಗುಟ್ಟು ಉಳಿದಿದೆ? ಬೇಕಾದರೆ ಮೂವತ್ತು ನಲವತ್ತು ವರ್ಷ ಮುಚ್ಚಿಡುವ ಷರತ್ತು ಹಾಕಲಿ. ಅಸಲಿ ಭಯ ಗುಟ್ಟಿನದಲ್ಲ ಎಂಬುದು ನನ್ನ ಗುಮಾನಿ. ನಮ್ಮಲ್ಲಿ ಸಂಸ್ಥೆಯ ಚರಿತ್ರೆಯೆಂದರೆ ಶತಮಾನೋತ್ಸವದ ಸ್ಮರಣ ಸಂಚಿಕೆ: ಹಾರ ಹಾಕಿದ ಸಂಸ್ಥಾಪಕರ ಭಾವಚಿತ್ರ, ಮಂತ್ರಿಗಳ ಶುಭಸಂದೇಶ, ಉಳಿದದ್ದು ಜಾಹೀರಾತು. ಬಟವಾಡೆ ಪುಸ್ತಕ ಹೊರಬಂದರೆ ಆ ಭಾವಚಿತ್ರದ ಹಾರ ಕೊಂಚ ಬಾಡಬಹುದು. ಅಮೆರಿಕದಲ್ಲಿ ಸಿಗರೇಟು ಕಂಪನಿಗಳು 1998ರ ಒಪ್ಪಂದದಂತೆ ತಮ್ಮ ಒಳಗಿನ ಕಾಗದಪತ್ರಗಳನ್ನು ಬಯಲಿಗಿಡಬೇಕಾಯಿತು. ತಂಬಾಕಿನ ಅಪಾಯವನ್ನು ಒಳಗೆ ಬಲ್ಲವರೇ ಹೊರಗೆ ಅಲ್ಲಗಳೆಯುತ್ತಿದ್ದರೆಂಬುದು ಅವರದೇ ಪತ್ರಗಳಿಂದ ಜಗಜ್ಜಾಹೀರಾಯಿತು. ಅಷ್ಟು ದೂರ ಹೋಗುವುದೇಕೆ? ನಮ್ಮ ಹಳ್ಳಿಗಳಲ್ಲಿ ಮನೆ ಜಗಲಿಯಲ್ಲಿ ಕೂತು ಆಯುಷ್ಯವಿಡೀ ಬೀಡಿ ಕಟ್ಟಿದ ಹೆಂಗಸು ತನ್ನ ದುಡಿಮೆಯ ವರ್ಷಗಳನ್ನು ರುಜುವಾತುಪಡಿಸಬೇಕಾದರೆ ಕಂಪನಿಯ ಪುಸ್ತಕವೇ ಗತಿ. ಅದು ಗುಜರಿಗೆ ಹೋದರೆ ಆಕೆಯ ಭವಿಷ್ಯನಿಧಿಯ ಹಕ್ಕೂ ತೂಗುತಕ್ಕಡಿ ಏರಿದಂತೆಯೇ.

ಈಗೆಲ್ಲ ಗಣಕಯಂತ್ರದಲ್ಲಿದೆ, ಕಾಗದದ ಗೊಡವೆ ಏಕೆ ಎನ್ನುವ ಚಿರಂಜೀವಿಗಳಿಗೆ ಒಂದೇ ಮಾತು. 1995ರಲ್ಲಿ ಲೆಕ್ಕ ತುಂಬಿಟ್ಟ ಫ್ಲಾಪಿಯನ್ನು ಇಂದು ತೆರೆದು ತೋರಿಸಿ. 1920ರ ಕಿರ್ದಿಯನ್ನು ನಾನು ಕನ್ನಡಕ ಹಾಕಿಕೊಂಡು ಓದಬಲ್ಲೆ.

ಮಾಡಲಾಗದ ಕೆಲಸವೇನೂ ಇದಲ್ಲ. ರಿಸರ್ವ್ ಬ್ಯಾಂಕು 1981ರಲ್ಲೇ ಪುಣೆಯಲ್ಲಿ ಪತ್ರಾಗಾರ ತೆರೆಯಿತು. ಟಾಟಾ ಸಂಸ್ಥೆಯವರು 1991ರಲ್ಲಿ, ಗೋದ್ರೆಜ್‌ನವರು 2006ರಲ್ಲಿ ತಮ್ಮ ಪತ್ರಾಗಾರಗಳನ್ನು ಕಟ್ಟಿಕೊಂಡರು. ಇವರೆಲ್ಲ ದೊಡ್ಡವರು, ಅವರಿಗೆ ಸಾಧ್ಯ ಎನ್ನಬಹುದು. ಹಾಗಾದರೆ ಜರ್ಮನಿಯ ಕಲೋನ್ ನಗರವನ್ನು ನೋಡಿ. ಅಲ್ಲಿ 1906ರಲ್ಲೇ ವಾಣಿಜ್ಯ ಮಂಡಳಿಗಳ ಆಶ್ರಯದಲ್ಲಿ ಇಡೀ ಪ್ರದೇಶದ ಉದ್ದಿಮೆಗಳಿಗೆ ಒಂದು ಸಮಾನ ಪತ್ರಾಗಾರ ಸ್ಥಾಪನೆಯಾಯಿತು. ಸ್ವಂತ ಕಟ್ಟಡವಿಲ್ಲದ ಸಣ್ಣ ಸಂಸ್ಥೆಯ ಕಾಗದಕ್ಕೂ ಅಲ್ಲಿ ಜಾಗ ಸಿಕ್ಕಿತು. 1906 ಎಂದರೆ ಕೆನರಾ ಬ್ಯಾಂಕೂ ಕಾರ್ಪೊರೇಶನ್ ಬ್ಯಾಂಕೂ ಹುಟ್ಟಿದ ವರ್ಷ. ಬ್ಯಾಂಕು ಕಟ್ಟುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಲಿಲ್ಲ. ಮಂಗಳೂರಿನ ವಾಣಿಜ್ಯ ಮಂಡಳಿ ಮತ್ತು ಕೊಣಾಜೆಯ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಒಂದು ಒಣ ಕೋಣೆ, ಕಬ್ಬಿಣದ ಕಪಾಟುಗಳು, ಪಟ್ಟಿ ಮಾಡಲು ಇಬ್ಬರು ತರುಣರು, ಇಷ್ಟರಿಂದಲೇ ಆರಂಭಿಸಬಹುದು. ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನದ ಖರ್ಚು ಅದಕ್ಕೆ ಹಿಡಿಯಲಾರದು.

ಅಲ್ಲಿಯವರೆಗೆ ನಿಮ್ಮಲ್ಲಿ ಯಾರ ಮನೆಯಲ್ಲಿ ಹಳೆಯ ಅಂಗಡಿ, ಅಕ್ಕಿ ಗಿರಣಿ, ಬಸ್ಸು ಸರ್ವಿಸು, ಮುದ್ರಣಾಲಯಗಳ ಕಾಗದಗಳಿವೆಯೋ ಅವರು ದಯವಿಟ್ಟು ಮಾರುವ ಮೊದಲು ನನಗೆ ತಿಳಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಯಾವ ಇಸವಿಯದು, ಯಾರ ಕೈಬರಹ ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗೆ ಸೇರಿಸಿ. ನನ್ನ ಭಾವನ ಮಗನ ಮನೆಯ ಅಟ್ಟದಲ್ಲಿ ಹತ್ತಾರು ಕಟ್ಟುಗಳಿವೆಯಂತೆ. ಬರುವ ಭಾನುವಾರ ಅಲ್ಲಿಗೆ ಹೋಗುವವನಿದ್ದೇನೆ. ಏಣಿ ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ, ಹತ್ತಿರದಲ್ಲಿರುವ ಯಾರಾದರೂ ಜೊತೆಗೆ ಬನ್ನಿ.