ಮಧುಗಿರಿ ಬೆಟ್ಟದ ವಯಸ್ಸು, ಆದಿಕಾಂಡದ ಆರು ದಿನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಇಲ್ಲಿನ ಕ್ರೈಸ್ತ ಮನೆಯ ಮಗು ಭಾನುವಾರ ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದನೆಂದು ಕೇಳುತ್ತದೆ, ಸೋಮವಾರ ಶಾಲೆಯಲ್ಲಿ ಭೂಮಿಗೆ ಸುಮಾರು 450 ಕೋಟಿ ವರ್ಷವೆಂದು ಕಲಿಯುತ್ತದೆ. ಎರಡರಲ್ಲಿ ಒಂದನ್ನು ಬಿಡು ಎಂದು ಆ ಮಗುವಿಗೆ ಯಾರೂ ಹೇಳಬೇಕಿಲ್ಲ.

ಮೊದಲು ಮಧುಗಿರಿ ಬೆಟ್ಟದ ಬಂಡೆಯನ್ನೇ ಕೇಳೋಣ. ರಾಮನಗರದಿಂದ ಮಧುಗಿರಿ, ಪಾವಗಡದ ಮೇಲೆ ಹಾದು ಮೊಳಕಾಲ್ಮೂರಿನ ಕಡೆಗೆ ಹೋಗುವ ಗ್ರಾನೈಟ್ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲು ಇದು. ಮೇಲಿದ್ದ ಮಣ್ಣು, ಶಿಲೆಯೆಲ್ಲ ಸವೆದು ಹೋದ ಮೇಲಷ್ಟೇ ಬೆಟ್ಟದ ಏಕಶಿಲೆ ಹೊರಗೆ ಕಂಡಿತು. ಇದರೊಳಗಿನ ಜಿರ್ಕಾನ್ ಹರಳು ರೂಪುಗೊಳ್ಳುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ದೂರವಿಡುತ್ತದೆ. ಯುರೇನಿಯಂ 238ರಲ್ಲಿ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಆ ಲೆಕ್ಕ ಈ ಗ್ರಾನೈಟ್‌ಗೆ ಕೊಡುವ ವಯಸ್ಸು ಸುಮಾರು 250 ಕೋಟಿ ವರ್ಷ.

ಲೋಕಕ್ಕೆ ಆರು ಸಾವಿರ ವರ್ಷವಷ್ಟೇ ಎಂದು ಕೆಲವರು ಹೇಳುವ ಲೆಕ್ಕ ಬೈಬಲ್‌ನಲ್ಲಿ ಬರೆದಿಲ್ಲ. ಅದು 1650ರಲ್ಲಿ ಆರ್ಚ್‌ಬಿಷಪ್ ಅಷರ್ ಅದರಲ್ಲಿನ ವಂಶಾವಳಿಗಳನ್ನು ಕೂಡಿಸಿ ಪಡೆದದ್ದು. ಸೂರ್ಯ ಹುಟ್ಟಿದ್ದೇ ನಾಲ್ಕನೆಯ ದಿನ, ಹಾಗಾದರೆ ಮೊದಲ ಮೂರು ದಿನ ಎಂಥ ದಿನ ಎಂದು ಐದನೆಯ ಶತಮಾನದಲ್ಲೇ ಸಂತ ಅಗಸ್ಟೀನ್ ಯೋಚಿಸಿದ್ದ. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತಾಡಿದರೆ ಧರ್ಮಗ್ರಂಥವೇ ನಗೆಪಾಟಲಾಗುತ್ತದೆ ಎಂದೂ ಎಚ್ಚರಿಸಿದ್ದ.

ಒಂದು ದಿನವೆಂದರೆ ಒಂದು ಯುಗ ಎಂದು ಹೊಂದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೃಷ್ಟಿಯ ಕಥೆ ಹೇಳುವ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಗಿಡಮರ ಸೂರ್ಯನಿಗಿಂತ ಮೊದಲು ಬರುತ್ತವೆ. ಯುಗ ಎಷ್ಟೇ ಉದ್ದವಾದರೂ ಆ ಕ್ರಮ ಬಂಡೆಗಳ ಸಾಕ್ಷ್ಯಕ್ಕೆ ಕೂಡುವುದಿಲ್ಲ. ದೇವರು ಬಂಡೆಯನ್ನು ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಿದ ಎಂದು 1857ರಲ್ಲಿ ಫಿಲಿಪ್ ಗಾಸ್ ಎಂಬ ಪ್ರಕೃತಿ ವಿಜ್ಞಾನಿ ವಾದಿಸಿದ. ಇದು ಇನ್ನೂ ಕೆಟ್ಟದ್ದು. ನಡೆಯದ ಕಾಲದ ಗುರುತನ್ನು ಹರಳಿನಲ್ಲಿ ಕೆತ್ತಿಟ್ಟವನನ್ನು ಸತ್ಯದ ದೇವರೆಂದು ಹೇಗೆ ನಂಬುವುದು? ಸೃಷ್ಟಿಕರ್ತನಲ್ಲಿ ನಂಬಿಕೆಯಿದ್ದವರಿಗೆ ಬಂಡೆಯೂ ಅವನ ಕೈಕೆಲಸವೇ. ಅದರ ಸಾಕ್ಷ್ಯವನ್ನು ಸುಳ್ಳೆನ್ನುವುದು ಭಕ್ತಿಯಲ್ಲ. ಲೋಕ ಯಾರದು, ಮನುಷ್ಯ ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಆದಿಕಾಂಡ ಹೇಳುತ್ತದೆ. ಅದಕ್ಕೆ ಜಿರ್ಕಾನ್ ಹರಳಿನಲ್ಲಿ ಉತ್ತರವಿಲ್ಲ.

ಸಂಡೇ ಸ್ಕೂಲಿನ ಶಿಕ್ಷಕರಲ್ಲಿ ಒಂದು ಕೋರಿಕೆ: ಬೆಟ್ಟಕ್ಕೆ ಎಷ್ಟು ವರ್ಷ ಎಂದು ಮಕ್ಕಳು ಕೇಳಿದರೆ, ಅಳುಕದೆ, ಇನ್ನೂರೈವತ್ತು ಕೋಟಿ ಎಂದೇ ಹೇಳಿ.